ಸಮಾನ ಧರ್ಮ

ಎರಡು ವಸ್ತುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಕುಳಿತಾಗ ನಾವು ನಿಜವಾಗಿ ಏನು ಮಾಡುತ್ತೇವೆ? ಕೆಲವು ವಾರಗಳಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕಾರಣ ತೀರಾ ಲೌಕಿಕವಾದದ್ದು. ನಾನು ನಂಜನಗೂಡಿನವನು, ಕೆಲಸಕ್ಕೆಂದು ವಾರದಲ್ಲಿ ಮೂರ್ನಾಲ್ಕು ಸಲ ತಿ. ನರಸೀಪುರಕ್ಕೆ ಹೋಗಿಬರುವವನು. ಬಹುದಿನದ ಆಸೆಯೊಂದನ್ನು ತೀರಿಸಿಕೊಳ್ಳಲು ಈಗ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟಿದ್ದೇನೆ. ಕಣ್ಣಿಗೆ ಬಿದ್ದಿರುವುದು ಎರಡು: ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಮತ್ತು ಫಿಯಟ್‌ನವರ ಅಬಾರ್ಥ್ ಪುಂಟೋ. ಎರಡೂ ಹೊರನೋಟಕ್ಕೆ ಮನೆಬಳಕೆಯ ಸಣ್ಣ ಕಾರುಗಳು. ಬಾನೆಟ್ ಎತ್ತಿದರೆ ಮಾತ್ರ ಬೇರೆಯೇ ಕಥೆ. ಎರಡು ಸೀಟಿನ ಅಪ್ಪಟ ಸ್ಪೋರ್ಟ್ಸ್ ಕಾರು ನಮ್ಮಂಥವರ ಕೈಗೆಟುಕುವುದಿಲ್ಲವಾದ್ದರಿಂದ ಇಂಥವೇ ನಮ್ಮ ಪಾಲಿನ ಸ್ಪೋರ್ಟ್ಸ್ ಕಾರುಗಳು.

ಎಲ್ಲರಂತೆ ನಾನೂ ಒಂದು ಪಟ್ಟಿ ಮಾಡಿದೆ. 2013ರಲ್ಲಿ ಬಂದ ಪೋಲೋ ಜಿಟಿಗೆ 1.2 ಲೀಟರ್ ಟರ್ಬೊ ಎಂಜಿನ್, 105 ಅಶ್ವಶಕ್ತಿ, ತಾನೇ ಬದಲಾಗುವ ಏಳು ಗೇರ್. 2015ರಲ್ಲಿ ಬಂದ ಅಬಾರ್ಥ್‌ಗೆ 1.4 ಲೀಟರ್ ಟರ್ಬೊ, 145 ಅಶ್ವಶಕ್ತಿ, ಕೈಯಲ್ಲಿ ಹಾಕುವ ಐದು ಗೇರ್. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು, ಕಂಪನಿಗಳೇ ಹೇಳಿಕೊಂಡಂತೆ, ಮೊದಲನೆಯದಕ್ಕೆ ಹತ್ತು ಸೆಕೆಂಡಿಗೆ ತುಸು ಕಡಿಮೆ, ಎರಡನೆಯದಕ್ಕೆ ಒಂಬತ್ತಕ್ಕೆ ತುಸು ಕಡಿಮೆ. ಅಬಾರ್ಥ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಪೋಲೋಗೆ ಹಿಂದಿನ ಎರಡಕ್ಕೆ ಡ್ರಮ್. ಫಿಯಟ್ ಈಗ ಭಾರತದಲ್ಲಿ ಕಾರು ಮಾರುವುದಿಲ್ಲ. ಪೋಲೋ ಕೂಡ 2022ರಲ್ಲಿ ನಿಂತುಹೋಯಿತು, ಆದರೆ ಅದರ ಕಂಪನಿ ಇಲ್ಲಿಯೇ ಇದೆ. ಪಟ್ಟಿ ಉದ್ದವಾದಷ್ಟೂ ನನ್ನ ನಿದ್ದೆ ಕಡಿಮೆಯಾಯಿತು. ಆ ಒಂದು ಸೆಕೆಂಡಿನ ವ್ಯತ್ಯಾಸ ರಾತ್ರಿಯೆಲ್ಲ ತೂಗುವಷ್ಟು ದೊಡ್ಡದಾಗಿ ಕಾಣತೊಡಗಿತು.

ಕಾರುಗಳನ್ನು ಹೋಲಿಸಿ ತೋರಿಸುವ ಜಾಲತಾಣಗಳಲ್ಲಿ ಒಂದು ಸೌಲಭ್ಯ ಇರುತ್ತದೆ. ಎರಡರಲ್ಲೂ ಒಂದೇ ಆಗಿರುವ ಅಂಶಗಳನ್ನು ಅಡಗಿಸಿ, ಬೇರೆಯಾಗಿರುವುದನ್ನಷ್ಟೇ ತೋರಿಸುವ ಗುಂಡಿ ಅದು. ಒತ್ತಿದರೆ ಅರ್ಧ ಪಟ್ಟಿ ಮಾಯವಾಗುತ್ತದೆ. ಕೊಳ್ಳುವವನಿಗೆ ಇದರಿಂದ ಅನುಕೂಲವೇ, ಸಂದೇಹವಿಲ್ಲ. ಎರಡಕ್ಕೂ ನಾಲ್ಕು ಚಕ್ರ ಇವೆ ಎಂಬ ಸಾಲನ್ನು ಓದಿ ಯಾರಿಗೆ ಏನಾಗಬೇಕು? ಆದರೆ ಮಾಯವಾಗುವ ಸಾಲುಗಳಲ್ಲಿ ಬೇರೆ ಏನೇನು ಇರಬಹುದು ಎಂದು ಯೋಚಿಸಿದಾಗ ನನಗೆ ನೆನಪಾದದ್ದು ಹೈಸ್ಕೂಲಿನ ಅಲಂಕಾರದ ಪಾಠ.

ಉಪಮಾಲಂಕಾರಕ್ಕೆ ನಾಲ್ಕು ಅಂಗಗಳೆಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ. ಮುಖ ಕಮಲದಂತೆ ಅರಳಿತು ಎಂದರೆ ಅರಳುವುದು ಸಮಾನ ಧರ್ಮ. ಅದನ್ನು ಗುರುತಿಸಲಾಗದಿದ್ದರೆ ಉಪಮೆಯ ಅರ್ಥವೇ ಕೈಗೆ ಸಿಗುವುದಿಲ್ಲ. ಕಾವ್ಯದ ಹೋಲಿಕೆ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ಅವುಗಳಲ್ಲಿ ಸಮಾನವಾದುದನ್ನು ಹುಡುಕುತ್ತದೆ. ಮಾರುಕಟ್ಟೆಯ ಹೋಲಿಕೆ ಅದೇ ಎರಡನ್ನು ಪಕ್ಕಪಕ್ಕ ಇಟ್ಟು ಸಮಾನವಾದುದನ್ನೇ ಮೊದಲು ಕಿತ್ತುಹಾಕುತ್ತದೆ. ಧರ್ಮ ಎಂಬ ಮಾತಿಗೆ ಕನ್ನಡದಲ್ಲಿ ಗುಣ ಎಂಬ ಅರ್ಥವೂ ಇದೆ, ಕರ್ತವ್ಯ ಎಂಬ ಅರ್ಥವೂ ಇದೆ. ನನ್ನ ಪಟ್ಟಿಯಿಂದ ಜಾರಿಹೋಗುತ್ತಿದ್ದುದು ಎರಡೂ ಅರ್ಥದ ಸಮಾನ ಧರ್ಮ.

ತತ್ತ್ವಶಾಸ್ತ್ರದಲ್ಲಿ ಆಯ್ಕೆಯ ಮಾತು ಬಂದಾಗಲೆಲ್ಲ ಬುರಿದಾನನ ಕತ್ತೆ ಬರುತ್ತದೆ. ಒಂದೇ ದೂರದಲ್ಲಿರುವ ಒಂದೇ ಅಳತೆಯ ಎರಡು ಹುಲ್ಲಿನ ಮೆದೆಗಳ ನಡುವೆ ನಿಂತ ಕತ್ತೆ, ಯಾವುದಕ್ಕೆ ಹೋಗಬೇಕೆಂದು ತಿಳಿಯದೆ ಹಸಿವಿನಿಂದ ಸಾಯುತ್ತದೆ. 14ನೆಯ ಶತಮಾನದ ಫ್ರೆಂಚ್ ಚಿಂತಕ ಬುರಿದಾನನ ಹೆಸರು ಇದಕ್ಕೆ ಅಂಟಿಕೊಂಡಿದ್ದರೂ ಅವನ ಬರಹಗಳಲ್ಲಿ ಈ ಕತ್ತೆ ಇಲ್ಲ. ಅನ್ನ ಮತ್ತು ನೀರಿನ ನಡುವೆ ಸಿಕ್ಕಿಬಿದ್ದ ಮನುಷ್ಯನ ಉದಾಹರಣೆಯನ್ನು ಅವನಿಗೂ ಬಹಳ ಹಿಂದೆ ಅರಿಸ್ಟಾಟಲ್ ಕೊಟ್ಟಿದ್ದ. ಈ ಕಥೆ ಹೇಳುವವರೆಲ್ಲ ಎರಡು ಮೆದೆಗಳ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಗಮನ ಹೋಗುವುದು ಹಸಿವಿನ ಕಡೆಗೆ. ಕತ್ತೆಯ ಹಸಿವು ನಿಜವಾದದ್ದು, ಮೆದೆಗಳು ಬರುವ ಮೊದಲೇ ಇದ್ದದ್ದು. ಕೊಳ್ಳುವವನ ಪಾಡು ಹಾಗಲ್ಲ. ಎರಡು ಮೆದೆಗಳನ್ನು ತೂಗುತ್ತ ತೂಗುತ್ತಲೇ ನಮಗೆ ಹಸಿವು ಹುಟ್ಟುತ್ತದೆ. ಯಾವುದು ಎಂಬ ಪ್ರಶ್ನೆಯಲ್ಲಿ ಮುಳುಗಿದವನು ಏತಕ್ಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಾಯಿತು ಎಂದೇ ತಿಳಿದಿರುತ್ತಾನೆ.

ಹಾಗಾದರೆ ನನ್ನ ಪಟ್ಟಿಯಲ್ಲಿ ಅಡಗಿದ ಸಾಲುಗಳು ಯಾವುವು?

ಮೊದಲನೆಯದು ಕಾನೂನು. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ಕಾರುಗಳ ಗರಿಷ್ಠ ವೇಗ ಎಕ್ಸ್‌ಪ್ರೆಸ್‌ವೇಯಲ್ಲಿ 120, ನಡುವೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ 100, ಉಳಿದ ಕಡೆ 70 ಕಿಲೋಮೀಟರ್. ಕಪಿಲೆಯ ಬಯಲಿನ ಗದ್ದೆ, ಕಬ್ಬು, ತೆಂಗುಗಳ ನಡುವೆ ನಾನು ಓಡಾಡುವ ದಾರಿ ಕೊನೆಯ ಗುಂಪಿಗೆ ಸೇರಿದ್ದು. ಎರಡು ಕಾರುಗಳೂ ಆ 70ನ್ನು ಉಸಿರಾಡುವಷ್ಟು ಸಲೀಸಾಗಿ ದಾಟುತ್ತವೆ. ಎರಡರಲ್ಲಿ ಯಾವುದು ಹೆಚ್ಚು ಓಡುತ್ತದೆ ಎಂಬ ನನ್ನ ಚಿಂತೆಯೆಲ್ಲ ನಾನು ಓಡಿಸಬಾರದ ವೇಗಕ್ಕೆ ಸಂಬಂಧಿಸಿದ್ದು.

ಎರಡನೆಯದು ಭೌತಶಾಸ್ತ್ರ. 50ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ, 100ರಲ್ಲಿ ಸುಮಾರು 28. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿಯೇ ಅಷ್ಟು ದೂರ ಕಳೆದುಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಆ ದೂರ ನಾಲ್ಕು ಪಟ್ಟು. ಈ ಲೆಕ್ಕ ಜರ್ಮನಿಯ ಕಾರಿಗೂ ಒಂದೇ, ಇಟಲಿಯ ಕಾರಿಗೂ ಒಂದೇ.

ಮೂರನೆಯದು ದಾರಿಯಲ್ಲಿರುವವರು. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಸೇತುವೆ ಇನ್ನೂ ನಿಂತಿದೆ. ಅದನ್ನು ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಎತ್ತಿನ ಗಾಡಿ ಮತ್ತು ನಡೆದುಬರುವ ಜನ. ಇಂದಿಗೂ ನಮ್ಮ ರಸ್ತೆಗಳ ಮೇಲೆ ಅವರ ಹಕ್ಕು ಮುಗಿದಿಲ್ಲ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಗೆ ಬರುವವರು, ಮೂರು ವರ್ಷಕ್ಕೊಮ್ಮೆ ತಿರುಮಕೂಡಲಿನ ಕುಂಭಮೇಳಕ್ಕೆ ಸೇರುವವರು, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರು, ಕಬ್ಬು ಹೇರಿಕೊಂಡ ಟ್ರ್ಯಾಕ್ಟರಿನವರು, ಸೈಕಲ್ಲಿನ ಶಾಲಾ ಮಕ್ಕಳು. 2023ರ ಮೇ 29ರಂದು ತಿ. ನರಸೀಪುರ–ಕೊಳ್ಳೇಗಾಲ ರಸ್ತೆಯ ಕುರುಬೂರಿನ ಬಳಿ ಕಾರು ಮತ್ತು ಬಸ್ಸು ಡಿಕ್ಕಿಯಾಗಿ 10 ಮಂದಿ ಸತ್ತರು. ಬೆಟ್ಟಕ್ಕೆ ಹೋಗಿ ಮರಳುತ್ತಿದ್ದ ಬಳ್ಳಾರಿ ಕಡೆಯ ಜನ, ಅವರಲ್ಲಿ ಮಕ್ಕಳೂ ಇದ್ದರು. ಅದರ ತಪ್ಪು ಯಾರದೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಆ ಜಾಗ ದಾಟುವಾಗ ನನ್ನ ಪಟ್ಟಿಯ ಒಂದು ಸೆಕೆಂಡು ನನಗೇ ನಾಚಿಕೆ ತರಿಸುತ್ತದೆ.

ಇದಕ್ಕೆ ಎದುರು ವಾದ ಇದೆ, ಅದು ಹಗುರವಾದದ್ದೂ ಅಲ್ಲ. ಒಳ್ಳೆಯ ಕಾರನ್ನು ಓಡಿಸುವ ಸುಖ ನಿಜವಾದ ಸುಖ. ತಿರುವಿನಲ್ಲಿ ಸ್ಟೀರಿಂಗ್ ಕೈಗೆ ರಸ್ತೆಯ ಸುದ್ದಿ ಹೇಳುವಾಗ, ಎಂಜಿನ್ನಿನ ದನಿ ಏರುವಾಗ ಆಗುವ ಹಿಗ್ಗು ವೀಣೆ ನುಡಿಸುವವನ ಹಿಗ್ಗಿಗೆ ತೀರಾ ದೂರದ್ದಲ್ಲ. ಶಕ್ತಿಯುತ ಎಂಜಿನ್ ಇದ್ದರೆ ಟ್ರ್ಯಾಕ್ಟರನ್ನು ಬೇಗ ದಾಟಿ ನಮ್ಮ ಬದಿಗೆ ಮರಳಬಹುದು, ಅದು ಸುರಕ್ಷಿತವೂ ಹೌದು. ಆಸೆಯೆಲ್ಲ ಪಾಪ ಎನ್ನುವ ವೈರಾಗ್ಯ ನನಗೆ ಒಗ್ಗುವುದಿಲ್ಲ. ಪ್ರಶ್ನೆ ಇರುವುದು ಆ ಸುಖದ ಅಪಾಯವನ್ನು ಹಂಚಿಕೊಳ್ಳುವವರು ಒಪ್ಪಿದ್ದಾರೆಯೇ ಎಂಬಲ್ಲಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸುವಾಗ ಅಲ್ಲಿರುವ ಪ್ರತಿಯೊಬ್ಬರೂ ತಿಳಿದೇ ಬಂದಿರುತ್ತಾರೆ. ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುವ ಹೆಂಗಸು ಯಾವ ಒಪ್ಪಿಗೆಯನ್ನೂ ಕೊಟ್ಟಿಲ್ಲ. ಒಪ್ಪಿಗೆ ಕೇಳಲಾಗದವರ ಪರವಾಗಿ ಸಮಾಜವೇ ಕೆಲವೊಮ್ಮೆ ಮಾತಾಡುತ್ತದೆ. ನಮ್ಮ ಊರಿನ ಮೂಲಕವೇ ಹಾದು ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ 2009ರಿಂದ ತಡೆಯಿದೆ. ಆನೆ, ಜಿಂಕೆಗಳಿಗೆ ಯಾವ ಕಂಪನಿಯ ಪಟ್ಟಿಯಲ್ಲೂ ಸಾಲಿಲ್ಲ. ಕಾನೂನು ಅವಕ್ಕೊಂದು ಸಾಲು ಕೊಟ್ಟಿತು.

ಇದು ಕಾರಿನ ಮಾತು ಮಾತ್ರವಲ್ಲ. ಓದು ಮುಗಿಸಿದವರು ಬೆಂಗಳೂರಿನ ಎರಡು ಕೆಲಸಗಳನ್ನು ಹೋಲಿಸುತ್ತ ಸಂಬಳದ ಐದು ಸಾವಿರದ ವ್ಯತ್ಯಾಸಕ್ಕೆ ವಾರಗಟ್ಟಲೆ ಚರ್ಚಿಸುವುದನ್ನು ನೋಡಿದ್ದೇನೆ. ಎರಡೂ ಕೆಲಸಗಳಲ್ಲಿ ಸಮಾನವಾದದ್ದು, ಅಂದರೆ ಊರು ಬಿಡಬೇಕು, ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಉಳಿಯುತ್ತಾರೆ ಎಂಬುದು ಚರ್ಚೆಗೇ ಬರುವುದಿಲ್ಲ. ಊರು ಬಿಡುವುದು ಸರಿಯೇ ಇರಬಹುದು. ಆದರೆ ಅದು ಯಾರೂ ತೀರ್ಮಾನಿಸದೆ ತೀರ್ಮಾನವಾಗಿಹೋದ ಸಂಗತಿ.

ಹೀಗಾಗಿ ನಾನು ಪಟ್ಟಿಯನ್ನು ತಿರುಗಿಸಿ ಬರೆದೆ. ಮೊದಲು ಸಮಾನವಾದ ಸಾಲುಗಳು, ಒಂದೊಂದರ ಎದುರಿಗೂ ನನ್ನ ಉತ್ತರ. ಓಡಿಸುವ ಸುಖ ನನಗೆ ಬೇಕೇ? ಬೇಕು. ಊರಿನ ದಾರಿಯಲ್ಲಿ ಎಷ್ಟು ವೇಗ? 70, ಜನ ಕಂಡಲ್ಲಿ ಇನ್ನೂ ಕಡಿಮೆ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ? ವರ್ಷಕ್ಕೊಮ್ಮೆ ಕೊಯಮತ್ತೂರು. ಈ ಷರತ್ತುಗಳ ಮೇಲೂ ಇಂಥ ಕಾರು ಬೇಕೇ? ಈ ಸಾಲಿನ ಮುಂದೆ ಎರಡು ದಿನ ಕುಳಿತೆ. ಕೊನೆಗೆ ಹೌದು ಎಂದು ಬರೆದೆ. ಆಮೇಲೆ ವ್ಯತ್ಯಾಸದ ಸಾಲುಗಳಿಗೆ ಬಂದಾಗ ಐದು ನಿಮಿಷವೂ ಬೇಕಾಗಲಿಲ್ಲ. ವಾರಕ್ಕೆ ಮೂರ್ನಾಲ್ಕು ದಿನ ಓಡಬೇಕಾದ ಕಾರಿಗೆ ಬಿಡಿಭಾಗ ಸುಲಭವಾಗಿ ಸಿಗಬೇಕು. ಪೋಲೋ ಸಾಕು. ಅಬಾರ್ಥ್ ಆರಿಸಿದ್ದರೂ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ.