ಗೇಟು ದಾಟಿದ ಮಗು

ಒಂದನೆಯ ತರಗತಿಯ ಮಗುವೊಂದು ಬಿಡುವಿನ ವೇಳೆ ಗೇಟು ದಾಟಿ, ಕೋಲೆಬಸವನ ಹಿಂದೆ ಹೊರಟುಹೋಯಿತೆನ್ನಿ. ಹುಡುಕಿ ತಂದ ಮೇಲೆ ನಮಗೆ ಮೊದಲು ನೆನಪಾಗುವುದು ಬೆತ್ತ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಅದನ್ನು ನಿಷೇಧಿಸಿದೆ, ನಿಜ. ನನ್ನ ತಕರಾರು ಕಾನೂನಿನದಲ್ಲ. ತಪ್ಪೆನ್ನಬೇಕಾದರೆ ಅಪಾಯದ ಅರಿವಿರಬೇಕು. ಆರು ವರ್ಷದ ಕೂಸಿಗೆ ಬಸವನ ಗೆಜ್ಜೆ ಕೇಳಿಸೀತು, ಲಾರಿಯ ಸದ್ದು ಕೇಳಿಸದು. ಏಟು ತಿಂದ ಮಗು ಮುಂದಿನ ಸಲ ಹೋಗದೆ ಇರುವುದಿಲ್ಲ, ಹೋದದ್ದನ್ನು ಹೇಳದೆ ಇರುತ್ತದೆ. ನಾನಾದರೆ ‘ಏನೇನು ನೋಡಿದೆಯಪ್ಪಾ?’ ಎಂದು ಕೇಳಿಯೇನು. ಯಾವ ದಾರಿ ಹಿಡಿದು ಹೋಯಿತೆಂಬುದಾದರೂ ತಿಳಿದೀತು. ಗೋಡೆ ಎತ್ತರಿಸುವುದು ಸುಲಭ (ಗುತ್ತಿಗೆದಾರನಿಗೂ ಸಂತೋಷ); ಬಿಡುವು ಮುಗಿದಾಗಲೆಲ್ಲ ತಲೆಯೆಣಿಸುವುದು ಬೇಸರದ ಕೆಲಸ. ಅದಕ್ಕಿಂತ ಕಷ್ಟವಾದದ್ದು, ಮಗು ಕ್ಷೇಮವಾಗಿ ಸಿಕ್ಕಿದ ದಿನವೂ ನಡೆದದ್ದನ್ನು ತಾಯಿತಂದೆಯರಿಗೆ ಮುಚ್ಚದೆ ತಿಳಿಸುವುದು. ಅಲ್ಲಿ ಮಾತ್ರ ಶಾಲೆಯ ಹೆಸರು ಅಡ್ಡಬರುತ್ತದೆ.