ಶಿಕ್ಷೆ ಮುಗಿದ ಮೇಲೆ: ವ್ಯವಹಾರ್ಯತೆ ಎಂಬ ವಿಚಾರ

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಕಾಗೆಗಳು ಸುಳಿಯುವುದಿಲ್ಲ ಎಂದು ಆ ಸೀಮೆಯ ಜನ ಹೇಳುತ್ತಾರೆ. ಅದಕ್ಕೊಂದು ಕಥೆಯೂ ಇದೆ. ಬಂಡೀಪುರದ ಕಾಡಿನ ನಡುವೆ, 1454 ಮೀಟರ್ ಎತ್ತರದಲ್ಲಿರುವ ಆ ಬೆಟ್ಟದ ತೀರ್ಥಗಳಲ್ಲಿ ಒಂದರ ಹೆಸರು ಹಂಸತೀರ್ಥ. ಹಿಂದೊಮ್ಮೆ ಕಾಗೆಯೊಂದು ಅದರಲ್ಲಿ ಮುಳುಗಿ ಎದ್ದು ಹಂಸವಾಯಿತಂತೆ. ಅಂದಿನಿಂದ ಬೆಟ್ಟದಲ್ಲಿ ಕಾಗೆಯೇ ಇಲ್ಲವಂತೆ.

ಬೆಟ್ಟದ ಮೇಲಿನ ಮಂಜು ಕವಿದ ಗುಡಿಗೆ ಬಸ್ಸು ಹತ್ತಿ ಹೋಗುವವರಲ್ಲಿ ಎಷ್ಟೋ ಜನ ಇಂಥದ್ದೊಂದು ಆಸೆ ಇಟ್ಟುಕೊಂಡೇ ಹೋಗುತ್ತಾರೆ. ಎಂಥ ಕೊಳೆಯನ್ನೂ ತೊಳೆಯುವ ನೀರು ಎಲ್ಲೋ ಒಂದು ಕಡೆ ಇರಲೇಬೇಕು ಎಂಬ ಆಸೆ ಅದು. ನಾನು ಅದನ್ನು ಹಗುರವಾಗಿ ಕಾಣುವವನಲ್ಲ. ಆದರೆ ಈ ಕಥೆಯಲ್ಲಿ ಇರುವುದು ಕಾಗೆ ಮತ್ತು ನೀರು, ಇಷ್ಟೇ. ಆ ಕಾಗೆ ಯಾರಿಗೂ ಕೇಡು ಮಾಡಿರಲಿಲ್ಲ. ಅದು ಯಾವುದಾದರೂ ಗೂಡಿಗೆ ಕೊಕ್ಕು ಹಾಕಿ ಮರಿಯನ್ನು ಗಾಯಗೊಳಿಸಿ ಬಂದಿದ್ದರೆ, ಹಂಸವಾಗಿ ಹೊರಬಂದ ಮೇಲೂ ಆ ಮರಿಯ ಗಾಯ ಹಾಗೇ ಇರುತ್ತಿತ್ತು. ಲೈಂಗಿಕ ಅಪರಾಧದಲ್ಲಿ ಶಿಕ್ಷೆಗೊಳಗಾದ ಆಟಗಾರ ಜೈಲಿನಿಂದ ಬಂದ ಮೇಲೆ ಮತ್ತೆ ವೃತ್ತಿಪರ ಆಟಕ್ಕೆ ಮರಳಬಹುದೇ ಎಂಬ ಪ್ರಶ್ನೆ ಕಗ್ಗಂಟಾಗುವುದು ಆ ಮರಿಯಿಂದಲೇ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಪ್ರಶ್ನೆ ಜಗತ್ತಿನ ಕಣ್ಣೆದುರೇ ನಿಂತಿತು. ನೆದರ್ಲೆಂಡ್ಸ್‌ನ ಬೀಚ್ ವಾಲಿಬಾಲ್ ಆಟಗಾರ ಸ್ಟೀವನ್ ವಾನ್ ಡೆ ವೆಲ್ಡೆ, 2014ರಲ್ಲಿ ತನಗೆ 19 ವರ್ಷವಿದ್ದಾಗ ಇಂಗ್ಲೆಂಡಿಗೆ ಹೋಗಿ 12 ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ಮಾಡಿದ್ದ. 2016ರಲ್ಲಿ ಅಲ್ಲಿನ ನ್ಯಾಯಾಲಯ ನಾಲ್ಕು ವರ್ಷ ಶಿಕ್ಷೆ ವಿಧಿಸಿತು. ಬಳಿಕ ಅವನನ್ನು ಸ್ವದೇಶಕ್ಕೆ ಕಳಿಸಿ, ಶಿಕ್ಷೆಯನ್ನು ಡಚ್ ಕಾನೂನಿಗೆ ಹೊಂದಿಸಲಾಯಿತು. ಸುಮಾರು ಒಂದು ವರ್ಷ ಕಳೆಯುವಷ್ಟರಲ್ಲಿ ಹೊರಬಂದು, 2017ರಲ್ಲಿ ಮತ್ತೆ ಆಡತೊಡಗಿದ. ತನ್ನ ಬದುಕಿನ ಅತಿ ದೊಡ್ಡ ತಪ್ಪು ಅದು ಎಂದು ಹೇಳಿಕೊಂಡ. ಪ್ಯಾರಿಸ್‌ನಲ್ಲಿ ಅವನನ್ನು ಕ್ರೀಡಾಗ್ರಾಮದ ಹೊರಗೆ ಇರಿಸಿದರು, ಪತ್ರಕರ್ತರಿಂದ ದೂರವಿಟ್ಟರು. ಐಫೆಲ್ ಗೋಪುರದ ಬುಡದ ಅಂಗಣದಲ್ಲಿ ಅವನ ಹೆಸರು ಕೂಗಿದಾಗ ಒಂದಷ್ಟು ಪ್ರೇಕ್ಷಕರು ಛೀಮಾರಿ ಹಾಕಿದರು.

ಅವನನ್ನು ಕಳಿಸಿದವರ ವಾದ ಸರಳವಾಗಿತ್ತು: ಶಿಕ್ಷೆ ಅನುಭವಿಸಿದ್ದಾನೆ, ಲೆಕ್ಕ ಚುಕ್ತಾ. ಈ ವಾದಕ್ಕೆ ಬಲವಿದೆ. ಶಿಕ್ಷೆಗೆ ಕೊನೆಯೆಂಬುದು ಇರಬೇಕು. ಇಲ್ಲದಿದ್ದರೆ ನ್ಯಾಯಾಧೀಶರು ಬರೆದ ನಾಲ್ಕು ವರ್ಷಕ್ಕೆ ಅರ್ಥವೇ ಇರುವುದಿಲ್ಲ. ಪ್ರತಿಯೊಂದು ಶಿಕ್ಷೆಯೂ ಜೀವಾವಧಿಯಾಗುತ್ತದೆ. ಹೊರಬಂದವನಿಗೆ ಕೆಲಸ, ಮನೆ, ನಾಲ್ಕು ಜನರ ಒಡನಾಟ ಏನೂ ಸಿಗದಿದ್ದರೆ ಅವನು ಮತ್ತೆ ಕೆಡುವ ಸಂಭವವೇ ಹೆಚ್ಚು. ಆದರೂ ‘ಚುಕ್ತಾ’ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸುತ್ತದೆ. ಸಾಲವನ್ನು ಕೊಟ್ಟವರಿಗೆ ತೀರಿಸಬೇಕು. ಜೈಲಿನಲ್ಲಿ ಕಳೆದ ವರ್ಷಗಳು ಸಂದದ್ದು ಸರ್ಕಾರಕ್ಕೆ. ಆ ಹುಡುಗಿಗೆ ಏನು ಸಂದಿತು?

ಇಲ್ಲಿ ನೆರವಿಗೆ ಬರುವ ಒಂದು ಹಳೆಯ ವಿಚಾರ ನಮ್ಮ ನೆಲದಲ್ಲೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವಿಷಯದಲ್ಲಿ ಇಂದಿಗೂ ವಕೀಲರ ಬಾಯಲ್ಲಿರುವ ಗ್ರಂಥ ಅದು. ಅದರ ಪ್ರಾಯಶ್ಚಿತ್ತ ಪ್ರಕರಣವನ್ನು ಮಾತ್ರ ಈಗ ಓದುವವರು ಕಡಿಮೆ. ಅಲ್ಲಿ ಆತ ಒಂದು ಸೂಕ್ಷ್ಮ ಪ್ರಶ್ನೆ ಎತ್ತುತ್ತಾನೆ. ತಿಳಿಯದೆ ಮಾಡಿದ ಪಾಪ ಪ್ರಾಯಶ್ಚಿತ್ತದಿಂದ ಹೋಗುತ್ತದೆ, ಸರಿ. ಬೇಕೆಂದೇ ಮಾಡಿದ ಪಾಪದ ಗತಿಯೇನು? ಅವನ ಉತ್ತರದ ತಿರುಳು ಹೀಗಿದೆ: ಪಾಪಕ್ಕೆ ಎರಡು ಶಕ್ತಿಗಳಿವೆ. ಒಂದು, ಮಾಡಿದವನನ್ನು ನರಕಕ್ಕೆ ಒಯ್ಯುವುದು. ಇನ್ನೊಂದು, ಅವನಿಗೂ ಸಮಾಜಕ್ಕೂ ನಡುವಿನ ವ್ಯವಹಾರವನ್ನು ತಡೆಯುವುದು. ಪ್ರಾಯಶ್ಚಿತ್ತ ಮಾಡಿಕೊಂಡವನ ಪಾಪದ ಮೊದಲ ಶಕ್ತಿ ಅಳಿಯದೆ ಉಳಿದರೂ ಎರಡನೆಯದು ಅಳಿಯಬಹುದು. ಆಗ ಅವನು ‘ವ್ಯವಹಾರ್ಯ’. ಜನ ಅವನೊಡನೆ ಕೂಡಬಹುದು, ಕೊಡುಕೊಳ್ಳಬಹುದು.

ಒಳಗಿನ ಶುದ್ಧಿಯನ್ನೂ ಹೊರಗಿನ ಸೇರ್ಪಡೆಯನ್ನೂ ಹೀಗೆ ಬಿಡಿಸಿಟ್ಟದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಒಬ್ಬನ ಮನಸ್ಸು ತಿಳಿಯಾಗಿದೆಯೇ ಎಂದು ಕ್ಲಬ್ಬಿನ ಆಡಳಿತ ಮಂಡಳಿ ಹೇಳಲಾರದು, ಒಲಿಂಪಿಕ್ ಸಮಿತಿಯೂ ಹೇಳಲಾರದು. ಅವನನ್ನು ಎಲ್ಲಿಯವರೆಗೆ ಒಳಗೆ ಬಿಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ಅವು ತೀರ್ಮಾನಿಸಬಲ್ಲವು, ತೀರ್ಮಾನಿಸಲೇಬೇಕು.

ಅದೇ ಪ್ರಕರಣದಲ್ಲಿ ಇನ್ನೊಂದು ಮಾತು ಬರುತ್ತದೆ. ಶರಣು ಬಂದವರನ್ನು, ಮಕ್ಕಳನ್ನು, ಹೆಂಗಸರನ್ನು ಹಿಂಸಿಸಿದವರು ಮತ್ತು ಉಪಕಾರ ಮರೆತವರು, ವ್ರತ ಪೂರೈಸಿದ ಮೇಲೂ, ಒಡನಾಟಕ್ಕೆ ಅರ್ಹರಲ್ಲ ಎನ್ನುತ್ತಾನೆ ಯಾಜ್ಞವಲ್ಕ್ಯ. ಮನುಸ್ಮೃತಿಯಲ್ಲೂ ಇಂಥ ಪಟ್ಟಿಯಿದೆ, ಅಲ್ಲಿರುವುದು ಕೊಲೆಯ ಮಾತು. ಈ ಗ್ರಂಥಗಳನ್ನು ಇಂದು ಯಾರೂ ಕಾನೂನಾಗಿ ಒಪ್ಪಬೇಕಿಲ್ಲ, ಒಪ್ಪಲೂ ಬಾರದು. ಇವು ಜಾತಿ ನೋಡಿ ದಂಡ ಅಳೆದವು, ಹೆಣ್ಣಿನ ಮೇಲಿನ ಅಪರಾಧವನ್ನೂ ಅವಳ ಜಾತಿ ನೋಡಿಯೇ ತೂಗಿದವು. ಆದರೂ ಆ ಪಟ್ಟಿಯ ಹಿಂದಿನ ಕಾಳಜಿಯನ್ನು ಗಮನಿಸಬೇಕು. ಅದರಲ್ಲಿ ಹಿಂಸೆಗೆ ಒಳಗಾದವರು ತಮ್ಮನ್ನು ಕಾಪಾಡಿಕೊಳ್ಳಲಾಗದೆ ಇನ್ನೊಬ್ಬರನ್ನು ನಂಬಿದವರು. ನಂಬಿಕೆಯನ್ನೇ ಆಯುಧ ಮಾಡಿಕೊಂಡ ಅಪರಾಧ ಬೇರೆಯೇ ಜಾತಿಯದು ಎಂಬ ಅರಿವು ಅಲ್ಲಿದೆ. ಕೋಚ್ ಮತ್ತು ಶಿಷ್ಯೆ, ತಾರೆ ಮತ್ತು ಅಭಿಮಾನಿ, ಹಿರಿಯ ಆಟಗಾರ ಮತ್ತು ಹಾಸ್ಟೆಲಿನ ಬಾಲಕಿ, ಈ ಸಂಬಂಧಗಳೆಲ್ಲ ಆ ಪಟ್ಟಿಯೊಳಗೇ ಬರುತ್ತವೆ.

ಅಂಗುಲಿಮಾಲನ ಕಥೆ ನಮಗೆಲ್ಲ ಗೊತ್ತು. ಕೊಲೆಗಡುಕ ಬುದ್ಧನ ಮಾತಿಗೆ ಸೋತು ಭಿಕ್ಷುವಾದ. ಶಾಲೆಯ ಪಾಠ ಅಲ್ಲಿಗೇ ನಿಲ್ಲುತ್ತದೆ, ಪಾಲಿ ಗ್ರಂಥಗಳು ನಿಲ್ಲುವುದಿಲ್ಲ. ಭಿಕ್ಷೆಗೆ ಹೋದ ಅವನಿಗೆ ಕಲ್ಲು ಬೀಳುತ್ತವೆ. ತಲೆ ಒಡೆದು, ಪಾತ್ರೆ ಮುರಿದು, ರಕ್ತ ಸುರಿಸುತ್ತ ಬರುತ್ತಾನೆ. ಸಹಿಸಿಕೋ ಎನ್ನುತ್ತಾನೆ ಬುದ್ಧ. ಊರವರನ್ನು ಬೈಯುವುದಿಲ್ಲ, ಇವನು ಈಗ ಬದಲಾಗಿದ್ದಾನೆ ಎಂದು ಡಂಗುರ ಸಾರುವುದೂ ಇಲ್ಲ. ವಿನಯಪಿಟಕದಲ್ಲಿ ಇದರ ಮುಂದಿನ ಭಾಗವಿದೆ: ಆ ಭಿಕ್ಷುವನ್ನು ಕಂಡು ಜನ ಹೆದರಿದ್ದರಿಂದ, ಕುಖ್ಯಾತ ಕಳ್ಳರಿಗೆ ಇನ್ನು ಮುಂದೆ ದೀಕ್ಷೆ ಕೊಡಬಾರದೆಂದು ಬುದ್ಧ ನಿಯಮ ಮಾಡಿದ. ವ್ಯಕ್ತಿ ಪೂರ್ತಿ ಬದಲಾಗಬಲ್ಲ ಎಂದು ನಂಬಿದ ಗುರುವೇ ಸಂಘದ ಬಾಗಿಲಿಗೆ ಕಾವಲು ಹಾಕಿದ. ಈ ಎರಡರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಒಬ್ಬನ ಪರಿವರ್ತನೆಯನ್ನು ನಂಬುವುದು ಕರುಣೆಗೆ ಸೇರಿದ್ದು. ಸಂಸ್ಥೆಯನ್ನು ನಂಬಿ ಬರುವ ಸಾವಿರಾರು ಜನರನ್ನು ನೋಡಿಕೊಳ್ಳುವುದೂ ಕರುಣೆಯೇ.

ಹಾಗಾದರೆ ವ್ಯವಹಾರಕ್ಕೆ ಮರಳುವುದು ಹೇಗೆ? ಧರ್ಮಶಾಸ್ತ್ರದಲ್ಲಿ, ಜನಕ್ಕೆ ಗೊತ್ತಾದ ಪಾಪದ ಪ್ರಾಯಶ್ಚಿತ್ತ ಶುರುವಾಗುವುದು ಪರಿಷತ್ತಿನ ಮುಂದೆ ನಿಂತು ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದರಿಂದ. ಈ ಮೊದಲ ಮೆಟ್ಟಿಲನ್ನು ವೃತ್ತಿಪರ ಕ್ರೀಡೆ ಸಲೀಸಾಗಿ ಹಾರಿಬಿಡುತ್ತದೆ. ಬಾಕ್ಸರ್ ಮೈಕ್ ಟೈಸನ್‌ನನ್ನು 1992ರಲ್ಲಿ ಇಂಡಿಯಾನಾಪೊಲಿಸ್‌ನ ನ್ಯಾಯಾಲಯ ಅತ್ಯಾಚಾರದ ಅಪರಾಧಿ ಎಂದಿತು. ಆರು ವರ್ಷದ ಶಿಕ್ಷೆಯಲ್ಲಿ ಮೂರು ವರ್ಷ ಕಳೆದು 1995ರ ಮಾರ್ಚ್‌ನಲ್ಲಿ ಹೊರಬಂದ, ಆಗಸ್ಟ್‌ನಲ್ಲಿ ರಿಂಗ್‌ಗೆ ಇಳಿದ, ಮರುವರ್ಷ ಫ್ರಾಂಕ್ ಬ್ರೂನೊನನ್ನು ಸೋಲಿಸಿ ಮತ್ತೆ ವಿಶ್ವ ಚಾಂಪಿಯನ್ ಆದ. ಅಪರಾಧವನ್ನು ಅವನು ಒಪ್ಪಿಕೊಳ್ಳಲೇ ಇಲ್ಲ. ಟಿಕೆಟ್ ಮಾರಿದವರು ಅದನ್ನು ಕೇಳಲೂ ಇಲ್ಲ. ಆ ಮರಳುವಿಕೆಯನ್ನು ತೀರ್ಮಾನಿಸಿದ್ದು ಮಾರುಕಟ್ಟೆ, ಪರಿಷತ್ತೇ ಸೇರಿರಲಿಲ್ಲ.

ಒಪ್ಪಿಗೆಗೆ ಇಷ್ಟು ತೂಕ ಕೊಟ್ಟರೆ ನಿರಪರಾಧಿಗೆ ಅನ್ಯಾಯವಾಗದೇ ಎಂದು ಕೇಳಬಹುದು. ಕೇಳಲೇಬೇಕು. ವೇಲ್ಸ್‌ನ ಫುಟ್‌ಬಾಲ್ ಆಟಗಾರ ಚೆಡ್ ಇವಾನ್ಸ್ 2012ರಲ್ಲಿ ಶಿಕ್ಷೆಗೊಳಗಾಗಿ 2014ರಲ್ಲಿ ಹೊರಬಂದರು. ಜನರ ಸಿಟ್ಟಿಗೆ ಮಣಿದು ಓಲ್ಡಂ ಕ್ಲಬ್ ಅವರನ್ನು ಸೇರಿಸಿಕೊಳ್ಳಲಿಲ್ಲ. 2016ರಲ್ಲಿ ಆ ತೀರ್ಪೇ ರದ್ದಾಯಿತು, ಮರುವಿಚಾರಣೆಯಲ್ಲಿ ಅವರು ಖುಲಾಸೆಯಾದರು. ನೇಪಾಳದ ಸ್ಪಿನ್ನರ್ ಸಂದೀಪ್ ಲಾಮಿಛಾನೆ ಅವರಿಗೆ 2024ರ ಜನವರಿಯಲ್ಲಿ ಎಂಟು ವರ್ಷ ಶಿಕ್ಷೆಯಾಯಿತು, ಮೇ ತಿಂಗಳಲ್ಲಿ ಪಾಟನ್ ಹೈಕೋರ್ಟ್ ಅವರನ್ನು ದೋಷಮುಕ್ತಗೊಳಿಸಿತು. ಆದ್ದರಿಂದ ನಾನು ಮಾತಾಡುತ್ತಿರುವುದು ಮೇಲ್ಮನವಿಗಳೆಲ್ಲ ಮುಗಿದು ಅಪರಾಧ ಖಚಿತವಾದವರ ಬಗ್ಗೆ ಮಾತ್ರ. ಬೆಂಗಳೂರಿನಲ್ಲೂ ಈಚಿನ ವರ್ಷಗಳಲ್ಲಿ ಕ್ರೀಡಾರಂಗದ ಕೆಲವರ ಮೇಲೆ ಪೋಕ್ಸೊ ಪ್ರಕರಣಗಳು ದಾಖಲಾಗಿವೆ. ಆರೋಪವನ್ನು ತೀರ್ಪಿನ ಜಾಗದಲ್ಲಿ ಕೂರಿಸುವುದು ತಪ್ಪು, ಹಾಗಾಗಿ ಆ ಹೆಸರುಗಳು ಇಲ್ಲಿ ಬೇಡ.

ನಮ್ಮ ದೇಶದ ಮಟ್ಟಿಗೆ ಇನ್ನೂ ನೋವಿನ ಸಂಗತಿಯೊಂದಿದೆ. ಮರಳುವ ಪ್ರಶ್ನೆ ಏಳಬೇಕಾದರೆ ಮೊದಲು ಹೊರಹೋಗಬೇಕಲ್ಲ? 1990ರಲ್ಲಿ ಹರಿಯಾಣ ಲಾನ್ ಟೆನಿಸ್ ಸಂಸ್ಥೆಯ ಅಧ್ಯಕ್ಷನೂ ಪೊಲೀಸ್ ಐಜಿಯೂ ಆಗಿದ್ದ ಎಸ್.ಪಿ.ಎಸ್. ರಾಠೋಡ್, 14 ವರ್ಷದ ಟೆನಿಸ್ ಆಟಗಾರ್ತಿಯೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. ದೂರು ಕೊಟ್ಟ ಹುಡುಗಿ ಮೂರು ವರ್ಷಗಳ ಬಳಿಕ ಆತ್ಮಹತ್ಯೆ ಮಾಡಿಕೊಂಡಳು. ಅವನು ರಾಜ್ಯದ ಪೊಲೀಸ್ ಮಹಾನಿರ್ದೇಶಕನ ಹುದ್ದೆಗೇರಿದ. ಅಪರಾಧಿ ಎಂಬ ತೀರ್ಪು ಬಂದದ್ದು 2009ರ ಡಿಸೆಂಬರ್‌ನಲ್ಲಿ, ಆರು ತಿಂಗಳ ಸಜೆಯೊಂದಿಗೆ. ಮರುವರ್ಷ ಅದು 18 ತಿಂಗಳಾಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಅಪರಾಧವನ್ನು ಎತ್ತಿಹಿಡಿಯಿತು, ಸಜೆಯನ್ನು ಅನುಭವಿಸಿದಷ್ಟಕ್ಕೇ ಮುಗಿಸಿತು. ಆತನ ವ್ಯವಹಾರ 19 ವರ್ಷ ಬಹುಮಟ್ಟಿಗೆ ತಡೆಯಿಲ್ಲದೆ ನಡೆದಿತ್ತು. ಆಟ, ಶಾಲೆ, ಗೆಳತಿಯರು, ಕೊನೆಗೆ ಬದುಕು, ಎಲ್ಲದರಿಂದ ಹೊರಹೋಗಬೇಕಾದವಳು ಆ ಹುಡುಗಿ.

ಅಪರಾಧಿಯ ಮರಳುವಿಕೆಯ ಬಗ್ಗೆ ನಾವು ಇಷ್ಟು ಚರ್ಚಿಸುತ್ತೇವೆ. ಸಂತ್ರಸ್ತೆ ಆಟಕ್ಕೆ ಮರಳಿದಳೇ ಎಂದು ಯಾವ ಫೆಡರೇಷನ್ನೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಅವಳು ಅದೇ ಆಟದವಳಾಗಿದ್ದರೆ, ಅದೇ ಪಂದ್ಯಾವಳಿ, ಅದೇ ಶಿಬಿರ, ಅದೇ ಊಟದ ಮನೆ ಅವಳಿಗೂ ಸೇರಿದ್ದು. ಅವನು ಬಂದರೆ ಅವಳು ಬಿಟ್ಟು ಹೋಗಬೇಕಾಗುತ್ತದೆ ಎಂದಾದರೆ, ಅವನಿಗೆ ಬಾಗಿಲು ತೆರೆಯಬಾರದು. ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಕ್ಷಮಿಸುವ ಅಧಿಕಾರ ಇರುವುದೂ ಅವಳೊಬ್ಬಳಿಗೇ. ಅಭಿಮಾನಿಗಳು, ಪ್ರಾಯೋಜಕರು, ಮಂತ್ರಿಗಳು ಅವಳ ಪರವಾಗಿ ಕ್ಷಮಿಸಲಾರರು. ಕ್ಷಮಿಸು ಎಂದು ಅವಳನ್ನು ಒತ್ತಾಯಿಸುವುದು ಮತ್ತೊಂದು ಹಿಂಸೆ.

ಬದುಕುವ ಹಕ್ಕು, ದುಡಿದು ತಿನ್ನುವ ಹಕ್ಕು ಶಿಕ್ಷೆ ಮುಗಿಸಿದ ಎಲ್ಲರಿಗೂ ಇದೆ. ಇದರಲ್ಲಿ ರಿಯಾಯಿತಿ ಬೇಡ. ಆದರೆ ದೇಶದ ಅಂಗಿ ತೊಡುವುದು, ಜಾಹೀರಾತಿನಲ್ಲಿ ನಗುವುದು, ಮಕ್ಕಳು ಹಸ್ತಾಕ್ಷರಕ್ಕೆ ಮುತ್ತುವ ಎತ್ತರದಲ್ಲಿ ನಿಲ್ಲುವುದು ಆ ಹಕ್ಕಿನೊಳಗೆ ಬರುವುದಿಲ್ಲ. ನಮ್ಮ ಚುನಾವಣಾ ಕಾನೂನು ಈ ಭೇದವನ್ನು ಎಂದೋ ಒಪ್ಪಿದೆ: ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೊಳಗಾದವರು ಬಿಡುಗಡೆಯಾದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಸ್ವಾತಂತ್ರ್ಯ ಮೊದಲು ಮರಳುತ್ತದೆ, ಗೌರವದ ಸ್ಥಾನ ತಡವಾಗಿ. ಕ್ರೀಡೆಯಲ್ಲೂ ವಯಸ್ಕರ ಲೀಗಿನಲ್ಲಿ ಸಂಬಳಕ್ಕೆ ಆಡುವ ಅವಕಾಶವನ್ನು, ಅಪರಾಧ ಒಪ್ಪಿಕೊಂಡವನಿಗೆ, ಸಂತ್ರಸ್ತೆಯ ದಾರಿಗೆ ಅಡ್ಡಬರದಂತೆ, ಕಾಲ ಕಳೆದ ಮೇಲೆ ಕೊಡಬಹುದು ಎಂದೇ ನನ್ನ ಅನಿಸಿಕೆ. ಮಗುವಿನ ಮೇಲೆ ಕೈಮಾಡಿದವನಿಗೆ ದೇಶದ ಅಂಗಿಯನ್ನು ಕೊಡಬಾರದು. ತರಬೇತಿ, ಆಯ್ಕೆ ಸಮಿತಿ, ಹಾಸ್ಟೆಲಿನ ಮೇಲ್ವಿಚಾರಣೆ, ಈ ಕೆಲಸಗಳನ್ನು ಎಂದೆಂದಿಗೂ ಕೊಡಬಾರದು.

ಈ ಕೊನೆಯದು ನಮ್ಮ ತಾಲ್ಲೂಕುಗಳಿಗೆ ತೀರ ಹತ್ತಿರದ ವಿಷಯ. ಓಟದಲ್ಲಿ, ಕಬಡ್ಡಿಯಲ್ಲಿ, ಹಾಕಿಯಲ್ಲಿ ಚುರುಕಾದ ಹಳ್ಳಿಯ ಮಕ್ಕಳು ಎಳೆ ವಯಸ್ಸಿಗೇ ಮನೆ ಬಿಟ್ಟು ಕ್ರೀಡಾ ಹಾಸ್ಟೆಲುಗಳಿಗೆ, ಖಾಸಗಿ ಅಕಾಡೆಮಿಗಳಿಗೆ ಹೋಗುತ್ತಾರೆ. ಮಹಿಳೆಯರ ಮತ್ತು ಅಪ್ರಾಪ್ತ ಆಟಗಾರರ ರಕ್ಷಣೆಗೆ ಸುರಕ್ಷಿತ ಕ್ರೀಡಾ ನೀತಿ ಬೇಕೆಂದು 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಹೇಳುತ್ತದೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದಲೇ ಇದೆ, ಆದರೆ ಅದನ್ನು ತೆರೆದು ನೋಡಬಲ್ಲವರು ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ಮಾತ್ರ. ಬೇಸಿಗೆ ಶಿಬಿರಕ್ಕೆ ಹೊರಗಿನಿಂದ ಕೋಚ್ ಕರೆಸುವ ಶಾಲೆಯ ಆಡಳಿತ ಮಂಡಳಿಗೆ, ಗುಂಡ್ಲುಪೇಟೆಯದಾಗಲಿ ಚಾಮರಾಜನಗರದ್ದಾಗಲಿ, ಆ ಕಡತ ಸಿಗುವುದಿಲ್ಲ. ಅವರು ಮಾಡಬಹುದಾದದ್ದು ಒಂದಿದೆ: ಬರುವವನ ಪದಕಗಳ ಪಟ್ಟಿಯ ಜೊತೆಗೆ ಪೊಲೀಸ್ ಪರಿಶೀಲನಾ ಪತ್ರವನ್ನೂ ಕೇಳುವುದು, ಅದು ಕೈಗೆ ಬರುವವರೆಗೆ ಮಕ್ಕಳನ್ನು ಅವನ ವಶಕ್ಕೆ ಒಪ್ಪಿಸದಿರುವುದು.