ಮರ್ದಿತನ ಹಾಡು ಮತ್ತು ನಮ್ಮ ಕಿವಿ



ಮೈಸೂರಿನ ಅಶೋಕಪುರಂ ಬಹುತೇಕ ದಲಿತ ಕುಟುಂಬಗಳು ನೆಲೆಸಿರುವ ಬಡಾವಣೆ. ಇಂತಹ ಕೇರಿಗಳ ನೋವನ್ನು ನಾಡಿಗೆ ಮುಟ್ಟಿಸಿದ್ದರಲ್ಲಿ ಹಾಡಿನ ಪಾಲು ದೊಡ್ಡದು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ಗದ್ದಲವೆದ್ದು ಅವರು ಪದವಿ ಬಿಡಬೇಕಾಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅವರ ಹಾಡುಗಳು ದಲಿತ ಸಂಘರ್ಷ ಸಮಿತಿಯ ಹೋರಾಟಗಳೊಂದಿಗೆ ಹಳ್ಳಿಹಳ್ಳಿಗೆ ಹೋದವು.

ಇಂದು ಅದೇ ದೂರು ರ್‍ಯಾಪ್ ಎಂಬ ಲಯಬದ್ಧ ಮಾತಿನ ರೂಪ ತಾಳಿದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಕರಿಯ ಯುವಕರ ನಡುವೆ ಬೆಳೆದ ಪ್ರಕಾರವಿದು. 2018ರಲ್ಲಿ ಚೆನ್ನೈಯಲ್ಲಿ ವೇದಿಕೆಯೇರಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದ ಅರಿವು ಇದರಲ್ಲೇ ಜಾತಿಯ ಅನ್ಯಾಯವನ್ನು ಹೇಳಿದರು.

ನಿಮ್ಮ ಮಗ ಇದನ್ನು ಮೊಬೈಲಿನಲ್ಲಿ ಕೇಳುತ್ತಿದ್ದರೆ, 'ಇದು ಹಲಾಲೇ?' ಎಂದು ನೀವು ಕೇಳುವುದು ಸಹಜ. ವಾದ್ಯದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಿಮಗೆ ಭರವಸೆಯಿರುವ ಆಲಿಮರನ್ನು ಕೇಳಿ ನಡೆಯಿರಿ. ಅಶ್ಲೀಲವೂ ಸುಳ್ಳು ನಿಂದೆಯೂ ಯಾರ ಬಾಯಲ್ಲಿ ಬಂದರೂ ತಪ್ಪೇ. ಆದರೆ ವಾದ್ಯದ ಪ್ರಶ್ನೆಯ ಮರೆಯಲ್ಲಿ ನಿಂತು ದೂರಿನಿಂದ ತಪ್ಪಿಸಿಕೊಳ್ಳಬಾರದು. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲ, ಅಕ್ರಮಕ್ಕೊಳಗಾದವನ ಹೊರತು ಎಂಬುದು 'ಅನ್ನಿಸಾ' ಅಧ್ಯಾಯದ 148ನೇ ಸೂಕ್ತದ ಆಶಯ. 'ಅಶ್ಶುಅರಾ' ಅಧ್ಯಾಯವು ದಾರಿ ತಪ್ಪಿದ ಕವಿಗಳನ್ನು ಖಂಡಿಸುತ್ತಲೇ, ಅಕ್ರಮಕ್ಕೊಳಗಾದ ಬಳಿಕ ಪ್ರತಿರೋಧಿಸುವ ಸತ್ಯವಿಶ್ವಾಸಿ ಸಜ್ಜನರನ್ನು ಹೊರಗಿಟ್ಟಿದೆ.

ನಮ್ಮ ಮೇಲಾದ ಅನ್ಯಾಯದ ಹಾಡನ್ನು ನಾವು ಸಂತೋಷದಿಂದ ಕೇಳುತ್ತೇವೆ. ನಮ್ಮ ಕಡೆಗೇ ಬೆರಳು ತೋರುವ ಹಾಡನ್ನು ಕೇಳಬಲ್ಲೆವೇ? ನಿಮ್ಮ ವಿರುದ್ಧವೇ ಆದರೂ ನ್ಯಾಯದ ಪರ ನಿಲ್ಲಿರಿ ಎಂದು ಅದೇ 'ಅನ್ನಿಸಾ'ದ 135ನೇ ಸೂಕ್ತ ಆಜ್ಞಾಪಿಸುತ್ತದೆ.

ಹ. ಅಬೂದರ್ರ್(ರ) ಒಮ್ಮೆ ಒಬ್ಬರನ್ನು ತಾಯಿಯ ಹೆಸರೆತ್ತಿ ಹೀಯಾಳಿಸಿದರು. ಅವರಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಬೂದರ್ರ್(ರ) ವಾದಿಸಲಿಲ್ಲ. ಮುಂದೆ ಜನರು ಕಂಡದ್ದು, ಅವರೂ ಅವರ ಸೇವಕನೂ ಒಂದೇ ಬಗೆಯ ಉಡುಪು ತೊಟ್ಟಿದ್ದನ್ನು!

ದೂರಿಗೆ ಉತ್ತರ ಕೊಡುವ ಬಗೆ ಇದು. ನಮ್ಮ ಮನೆಯ ಚರಂಡಿ ತೊಳೆಯಲು ಬರುವವರಿಗೆ ಬೇರೆ ಲೋಟವಿದೆಯೇ? ಮದುವೆಯ ಮಾತುಕತೆಯಲ್ಲಿ ದೀನ್‌ಗಿಂತ ಮೊದಲು ಮನೆತನವನ್ನು ವಿಚಾರಿಸುತ್ತೇವೆಯೇ? ಮಗನ ಮೊಬೈಲನ್ನು ಕಿತ್ತುಕೊಳ್ಳುವ ಮೊದಲು ಈ ಲೋಟವನ್ನು ಎತ್ತಿಡೋಣ.

ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಮೊರೆ ನಮ್ಮ ವಿರುದ್ಧ ಏಳದಂತೆ ಬಾಳುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.